ಕೆಂಪು ಕುರ್ಚಿಯ ಬೀಗರು

ಬಕ್ಕೇಶನ ಸೈಕಲ್ಲು ಮೂರು ವರ್ಷ ಗೋಡೆಯ ಕೊಕ್ಕೆಗೆ ನೇತುಬಿದ್ದಿತ್ತು. ಆ ಮೂರು ವರ್ಷವೂ ಅವನ ಹೊಟ್ಟೆ ಮಾತ್ರ ಒಂದು ದಿನ ರಜೆ ತೆಗೆದುಕೊಳ್ಳದೆ ಮುಂದಕ್ಕೇ ಹೋಗುತ್ತಿತ್ತು.

ದಾವಣಗೆರೆಯಲ್ಲಿ ಪೈಪು, ನಲ್ಲಿ, ಬಕೀಟು ಮಾರುವ ಅಂಗಡಿ ಅವನದು. ಅಂಗಡಿ ಕಟ್ಟಿದ್ದು ಅಪ್ಪ. ಗಿರಾಕಿಗಳನ್ನು ಕೂಡಿಸಿದ್ದೂ ಅಪ್ಪ. ಮಗ ಕೂಡಿಸಿದ್ದು ಏನಾದರೂ ಇದ್ದರೆ ಗಲ್ಲಾದ ಹಿಂದಿನ ಗೋಡೆಯ ಮೇಲಿದ್ದ ಒಂದು ದೊಡ್ಡ ಫೋಟೋ. ಹರಿಹರದ ಸೇತುವೆಯ ಮೇಲೆ ಸೈಕಲ್ಲಿಗೆ ಒರಗಿ, ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕಪ್ಪು ಕನ್ನಡಕ, ಮೈಗೆ ಚರ್ಮದಂತೆ ಅಂಟಿದ ಹಳದಿ ಅಂಗಿ ಹಾಕಿಕೊಂಡು ನಿಂತಿದ್ದ ಫೋಟೋ. ಪೈಪು ಕೊಳ್ಳಲು ಬಂದವರು ಕೇಳದಿದ್ದರೂ ಅದು ನಾನೇ ಎಂದು ಹೇಳುವನು. ಅವರು ಫೋಟೋ ನೋಡಿ, ಅವನನ್ನು ನೋಡಿ, ಮುಕ್ಕಾಲಿಂಚಿನ ಪೈಪು ಇದೆಯಾ ಎಂದು ಕೇಳುವರು.

ಊರಿನಲ್ಲಿ ಭಾನುವಾರ ಬೆಳಗ್ಗೆ ಸೈಕಲ್ ಹೊಡೆಯುವವರ ಒಂದು ಗುಂಪಿತ್ತು. ಕಾಲೇಜಿನ ಮೇಷ್ಟ್ರು, ಹಲ್ಲಿನ ಡಾಕ್ಟರು, ಅಂಗಡಿಯವರು, ಮಿಲ್ಲಿನವರು. ಎಲ್ಲರ ಮನೆಯಲ್ಲೂ ಕಾರಿತ್ತು. ಆದರೂ ಒಂದು ಮೋಟಾರು ಬೈಕಿಗೆ ಕೊಡುವಷ್ಟು ಕೊಟ್ಟು ತೆಳ್ಳನೆಯ ಗಾಲಿಯ ಸೈಕಲ್ಲು ತಂದು, ಹಳೇ ಪಿ.ಬಿ. ರಸ್ತೆ ಹಿಡಿದು, ಬಾತಿ ಗುಡ್ಡ ದಾಟಿ ಹರಿಹರಕ್ಕೆ ಹೋಗುವರು. ಅಲ್ಲಿ ಹೊಳೆಯ ಸೇತುವೆ ಹತ್ತಿರ ಚಹಾ ಕುಡಿದು ಹಿಂದಿರುಗುವರು. ಹರಿಹರದಲ್ಲಿ ಯಾರಿಗೂ ಯಾವ ಕೆಲಸವೂ ಇರಲಿಲ್ಲ. ಬಕ್ಕೇಶನ ತಾಯಿ ಕಸ್ತೂರಮ್ಮನಿಗೆ ಇದು ಎಷ್ಟು ವರ್ಷವಾದರೂ ಬಗೆಹರಿಯಲಿಲ್ಲ.

"ನಿಮ್ಮಪ್ಪ ಹಳೇ ಸೈಕಲ್ ಮ್ಯಾಲೆ ಹರಿಹರಕ್ಕೆ ಪೈಪು ಹೊತ್ಕಂಡು ಹೋಗಿ ವ್ಯಾಪಾರ ಮಾಡ್ಕಂಡು ಬರ್ತಿದ್ರು" ಎಂದು ಆಕೆ ಹೇಳುವಳು. "ನೀನು ಬರಿಗೈಲಿ ಹೋಗಿ ಬರಿಗೈಲಿ ಬರ್ತೀಯ. ಮ್ಯಾಲೆ ಉಸ್ಸಂತ ಕುಂದರ್ತೀಯ."

ಆ ಗುಂಪಿಗೆ ಬಕ್ಕೇಶನೇ ಮುಂದಾಳು ಆಗಿದ್ದ ಕಾಲ ಒಂದಿತ್ತು. ಅವನ ಕಾಲಿನಲ್ಲಿ ಬಲವಿದ್ದದ್ದು ನಿಜ. ಬಲಕ್ಕಿಂತ ಹೆಚ್ಚಾಗಿ ಬಾಯಿ ಇತ್ತು.

ಗಾಳಿಗೆ ಎದುರಾಗಿ ಹೋಗುವಾಗ ಮುಂದಿದ್ದವನು ಅಷ್ಟೂ ಗಾಳಿಯನ್ನು ಎದೆಯ ಮೇಲೆ ತೆಗೆದುಕೊಳ್ಳಬೇಕು. ಅವನ ಬೆನ್ನಿಗೆ ಅಂಟಿಕೊಂಡು ಬರುವವರಿಗೆ ಅರ್ಧ ಶ್ರಮವೂ ಇಲ್ಲ. ಅದಕ್ಕೇ ಪಾಳಿಯ ಮೇಲೆ ಒಬ್ಬೊಬ್ಬರು ಮುಂದೆ ಹೋಗಬೇಕೆಂದು ಗುಂಪಿನಲ್ಲಿ ನಿಯಮ. ಪಾಳಿ ತೆಗೆದುಕೊಳ್ಳಲಾರದೆ ಹಿಂದುಳಿದು ಎಲ್ಲರಿಗಿಂತ ಕೊನೆಗೆ ಹರಿಹರ ಮುಟ್ಟಿದವನಿಗೆ ಬಕ್ಕೇಶ ಒಂದು ಮರ್ಯಾದೆ ಏರ್ಪಾಡು ಮಾಡಿದ್ದ. ಆ ದಿನಕ್ಕೆ ಅವನು ಗುಂಪಿನ ಬೀಗರು. ಹೆಣ್ಣು ಕೊಟ್ಟ ಮನೆಯವರು ಬಂದರೆ ಹೇಗೆ ನಡೆಸಿಕೊಳ್ಳುತ್ತಾರೋ ಹಾಗೆಯೇ ಅವನನ್ನು ನಡೆಸಿಕೊಳ್ಳುವುದು.

ಸೇತುವೆ ಹತ್ತಿರ ಕೊಟ್ರವ್ವ ಎಂಬಾಕೆಯ ಚಹಾದ ಅಂಗಡಿ ಇತ್ತು. ಅಲ್ಲಿ ಇದ್ದದ್ದು ಒಂದೇ ಒಂದು ಕುರ್ಚಿ, ಕೆಂಪು ಪ್ಲಾಸ್ಟಿಕ್ಕಿನದು. ಉಳಿದವರೆಲ್ಲ ನಿಂತು ಕುಡಿಯುವರು. ಬೀಗರಿಗೆ ಮಾತ್ರ ಕುರ್ಚಿ. ಬಕ್ಕೇಶ ಅದನ್ನು ತನ್ನ ಕೈವಸ್ತ್ರದಿಂದ ಒರೆಸಿ, "ಬರ್ರಿ ಬೀಗ್ರೇ, ಕೂಡ್ರಿ, ದಣಿದು ಬಂದೀರಿ" ಎಂದು ತೋಳು ಹಿಡಿದು ಕೂರಿಸುವನು. ಕಾಲಿಗೆ ಒಂದು ಚೊಂಬು ನೀರು ತಂದಿಡುವನು. ಮೊದಲ ಚಹಾ, ಮೊದಲ ಮಿರ್ಚಿ, ಮೊದಲ ಮಂಡಕ್ಕಿ ಬೀಗರಿಗೇ. ಮನೆಯ ಕಡೆ ಎಲ್ಲ ಸೌಖ್ಯವೇ, ದಾರಿಯಲ್ಲಿ ತ್ರಾಸವಾಗಲಿಲ್ಲವಷ್ಟೇ ಎಂದು ಬೆನ್ನು ಬಾಗಿಸಿ ವಿಚಾರಿಸುವನು. ಸುತ್ತ ನಿಂತವರು ನಗುವರು. ಹೊಸದಾಗಿ ಸೇರಿದ ಎಷ್ಟೋ ಮಂದಿ ಎರಡನೇ ಸಲ ಆ ಕುರ್ಚಿಯಲ್ಲಿ ಕೂತ ಮೇಲೆ ಮೂರನೇ ಭಾನುವಾರ ಬರಲಿಲ್ಲ. ಅಕ್ಕಿಯಲ್ಲಿನ ಕಲ್ಲು ಆರಿಸಿದಂತಾಯಿತು ಎಂದು ಬಕ್ಕೇಶ ಹೇಳಿಕೊಳ್ಳುತ್ತಿದ್ದ.

ಆ ಕುರ್ಚಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಕೂತವರು ಮಾಲತೇಶಪ್ಪ. ಹಿಟ್ಟಿನ ಗಿರಣಿ ನಡೆಸಿ, ಈಗ ಅದನ್ನು ಮಗನ ಕೈಗೆ ಕೊಟ್ಟ ಮುದುಕ. ಗಿರಣಿಯ ಕಲ್ಲು ತಿರುಗಿದ ಹಾಗೆ ಒಂದೇ ಸಮನಾಗಿ ಪೆಡಲು ತುಳಿಯುವರು, ಜೋರಿಲ್ಲ, ನಿಲ್ಲುವುದೂ ಇಲ್ಲ. ಕೊನೆಗೆ ಬರುವರು, ಕುರ್ಚಿಯಲ್ಲಿ ಕೂಡುವರು, ಚೊಂಬಿನ ನೀರಿನಲ್ಲಿ ನಿಜಕ್ಕೂ ಮುಖ ತೊಳೆಯುವರು. ಚಹಾ ನಿಧಾನವಾಗಿ ಕುಡಿದು, ಕೊಟ್ರವ್ವನಿಗೆ ಚಹಾ ಚೆನ್ನಾಗಿದೆ ಎಂದು ಹೇಳಿ ಲೋಟ ಕೊಡುವರು. ಅವಮಾನ ಮಾಡಿದ್ದು ಅವರಿಗೆ ತಾಗಿತೋ ಇಲ್ಲವೋ ಬಕ್ಕೇಶನಿಗೆ ಯಾವತ್ತೂ ತಿಳಿಯಲಿಲ್ಲ. ತಾಗದಿದ್ದರೆ ಮಾಡಿದ್ದು ದಂಡ. ಅದಕ್ಕೇ ಆ ಮುದುಕನನ್ನು ಕಂಡರೆ ಅವನಿಗೆ ಹೊಟ್ಟೆಯಲ್ಲಿ ಒಂದು ಥರದ ಸಿಟ್ಟು.

ಇನ್ನೊಬ್ಬ ಅಂಜನಕುಮಾರ, ಕಾಲೇಜಿನಲ್ಲಿ ಲೆಕ್ಕ ಹೇಳುವ ಮೇಷ್ಟ್ರು. ಸೇರಿದ ಮೊದಲ ಭಾನುವಾರವೇ ಅವನಿಗೆ ಬೀಗತನ ಸಿಕ್ಕಿತು. ಕೈಗೆ ಬಂದ ಚಹಾವನ್ನು ಕುಡಿಯಲಿಲ್ಲ, ಆರಿಸಿ ಚೆಲ್ಲಿದ. ಮುಂದಿನ ವಾರವೂ ಬಂದ. ಅದರ ಮುಂದಿನ ವಾರವೂ ಬಂದ. ಅವನು ನಗುವುದು ಕಡಿಮೆ, ಮರೆಯುವುದು ಅದಕ್ಕಿಂತ ಕಡಿಮೆ.

ಇಷ್ಟೆಲ್ಲ ನಡೆಸುತ್ತಿದ್ದ ಬಕ್ಕೇಶ ಸೈಕಲ್ಲು ಬಿಟ್ಟದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಹರ್ನಿಯಾ ಆಪರೇಷನ್ ಆಯಿತು. ಮೂರು ತಿಂಗಳು ಸೈಕಲ್ಲು ಬೇಡ ಎಂದರು ಡಾಕ್ಟರು. ಮೂರು ತಿಂಗಳಾದ ಮೇಲೆ ಮಳೆ ಬಂತು. ಮಳೆ ಹೋದ ಮೇಲೆ ಮದುವೆಗಳು ಬಂದವು. ಮದುವೆಗಳಾದ ಮೇಲೆ ಬಿಸಿಲು. ಆಮೇಲೆ ಕಾರಣ ಹುಡುಕುವುದನ್ನೂ ಬಿಟ್ಟ, ಏಕೆಂದರೆ ಅಷ್ಟರಲ್ಲಿ ಭಾನುವಾರ ಬೆಳಗ್ಗೆ ಬೇಗ ಹೋದರೆ ಬೆಣ್ಣೆದೋಸೆಯ ಅಂಗಡಿಯಲ್ಲಿ ನೂಕುನುಗ್ಗಲು ಇರುವುದಿಲ್ಲವೆಂದು ಅವನಿಗೆ ಗೊತ್ತಾಗಿತ್ತು. ಯಾರಾದರೂ ಕೇಳಿದರೆ ಮಾತ್ರ ಆಪರೇಷನ್ ಜಾಗದ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಡುವನು. ಗಾಯ ಮಾಸಿ ಎಷ್ಟೋ ಕಾಲವಾಗಿತ್ತು.

ಗೋಡೆಯ ಮೇಲಿದ್ದ ಸೈಕಲ್ಲಿಗೆ ಕಸ್ತೂರಮ್ಮ ಕೆಲಸ ಕೊಟ್ಟಿದ್ದಳು. ಅದರ ಅಡ್ಡಪಟ್ಟಿ ಶಾವಿಗೆ ಒಣಹಾಕಲು ಹೇಳಿ ಮಾಡಿಸಿದಂತಿತ್ತು. ಬೇಸಿಗೆಯಲ್ಲಿ ಶಾವಿಗೆಯ ಎಳೆಗಳು ಅದರ ಮೇಲೆ ಎರಡು ಕಡೆಗೂ ಇಳಿಬಿದ್ದಿರುತ್ತಿದ್ದವು. ಮಳೆಗಾಲದಲ್ಲಿ ಆಕೆಯ ಒದ್ದೆ ಸೀರೆ. ಹ್ಯಾಂಡಲ್ಲಿನ ಒಂದು ಕೊಂಬಿಗೆ ಛತ್ರಿ, ಇನ್ನೊಂದಕ್ಕೆ ಸಂತೆಯ ಚೀಲ.

ಹೀಗೇ ಇದ್ದುಬಿಡುತ್ತಿತ್ತು. ಆದರೆ ಈ ವರ್ಷ ಮಳೆಗಾಲದ ಮೊದಲಲ್ಲಿ ಗುಂಪಿನ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಹರಿಹರದ ಸೇತುವೆ, ಅದೇ ಜಾಗ, ಅದೇ ಥರದ ಹಳದಿ ಅಂಗಿ. ಒಳಗಿದ್ದವನು ಅಂಜನಕುಮಾರ. ಗುಂಪಿಗೆ ಈಗ ಅವನೇ ಮುಂದಾಳು ಎಂದು ಕೆಳಗೆ ಬರೆದಿತ್ತು. ಬಕ್ಕೇಶ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದ. ಕಾಲು ಸಣ್ಣ, ಭುಜ ಸಣ್ಣ, ಸೀಟು ಒಂದು ಬೆರಳು ಎತ್ತರ. ಲೆಕ್ಕದ ಮೇಷ್ಟ್ರು ಮುಂದೆ ಹೋಗುವಂಥ ಗುಂಪು ಗುಂಪೇ ಅಲ್ಲ ಎಂದುಕೊಂಡ. ಅಂದೇ ಸಂಜೆ ಸ್ಟೂಲು ಹಾಕಿ ಸೈಕಲ್ಲು ಇಳಿಸಿದ. ಚೈನಿನ ಸಂದಿಯಲ್ಲಿ ಶಾವಿಗೆಯ ಪುಡಿ ಗಟ್ಟಿಯಾಗಿ ಕೂತಿತ್ತು.

ಕಸ್ತೂರಮ್ಮ ತನ್ನ ಛತ್ರಿ ಚೀಲ ಎತ್ತಿಕೊಂಡು ಬೇರೆ ಮೊಳೆ ಹುಡುಕಿದಳು. ಎಷ್ಟು ದಿನಕ್ಕೆ ಇಳಿಸಿದ್ದು ಎಂದಷ್ಟೇ ಕೇಳಿದಳು. ಅವನು ಚೈನಿಗೆ ಎಣ್ಣೆ ಬಿಡತೊಡಗಿದ.

ಹಳದಿ ಅಂಗಿಯ ಜಿಪ್ಪು ಎದೆಯವರೆಗೆ ಬಂದು ನಿಂತಿತು. ಉಸಿರು ಒಳಗೆಳೆದರೆ ಕುತ್ತಿಗೆಯವರೆಗೆ ಬರುತ್ತಿತ್ತು, ಆದರೆ ಉಸಿರು ಒಳಗಿಟ್ಟುಕೊಂಡು ಸೈಕಲ್ ಹೊಡೆಯುವುದು ಆಗುವ ಮಾತಲ್ಲ. ಅಂಗಿ ಕುಗ್ಗಿದೆ ಎಂದು ತೀರ್ಮಾನಿಸಿ ಹೊಸದು ತರಿಸಿದ. ಮೊದಲ ದಿನ ಯಾರಿಗೂ ಹೇಳದೆ ಒಬ್ಬನೇ ಹರಿಹರದ ದಾರಿ ಹಿಡಿದ. ಆಷಾಢ ಹತ್ತಿರ ಬಂದಿತ್ತು. ಆ ದಿನಗಳಲ್ಲಿ ಪಡುವಣದಿಂದ ಬೀಸುವ ಗಾಳಿ ಹರಿಹರದ ಕಡೆಯಿಂದ ನೇರ ದಾವಣಗೆರೆಗೆ ಬರುತ್ತದೆ. ಬಾಗಿಲು ತಾನಾಗಿ ಬಡಿದುಕೊಳ್ಳುವ ಗಾಳಿ, ಒಣಹಾಕಿದ ಪಂಚೆಯನ್ನು ಮೂರನೇ ಮನೆಗೆ ಹಾಕುವ ಗಾಳಿ. ಬಾತಿ ಗುಡ್ಡ ಕಣ್ಣಿಗೆ ಬೀಳುವ ಮೊದಲೇ ಬಕ್ಕೇಶ ಇಳಿದು ಒಂದು ಕಲ್ಲಿನ ಮೇಲೆ ಕೂತ. ಬಾಯಲ್ಲಿ ಬೆಳಗ್ಗೆ ಕುಡಿದ ಕಾಫಿ ಹುಳಿಯಾಗಿ ಬಂತು.

ಸೋತೆ ಎಂದುಕೊಂಡು ತಿರುಗಿ ಹತ್ತಿದ. ಹತ್ತಿದ್ದೇ ತಡ, ಸೈಕಲ್ಲು ತಾನೇ ಓಡಿತು. ಗಾಳಿ ಬೆನ್ನಿಗೆ ಕೈಯಿಟ್ಟು ನೂಕುತ್ತಿತ್ತು. ಅವನಿಗೆ ಹಾಗನ್ನಿಸಲಿಲ್ಲ. ಕಾಲಿಗೆ ಹಳೇ ನೆನಪು ಮರಳಿತು ಎನ್ನಿಸಿತು. ಮೂರು ವರ್ಷದ ಜಡ ಬಿಡಲು ಮೊದಲರ್ಧ ದಾರಿ ಬೇಕಾಯಿತು, ಆಮೇಲೆ ತಾನು ತಾನೇ ಎಂದು ಅವನ ಲೆಕ್ಕ. ಫೋನು ತೆಗೆದು ನೋಡಿದರೆ ಮರಳುವಾಗಿನ ವೇಗ ಅವನ ಒಳ್ಳೆಯ ಕಾಲದ್ದಕ್ಕಿಂತ ಹೆಚ್ಚೇ ಇತ್ತು.

ಗಾಳಿ ಎಂಬುದೊಂದು ಇದೆ ಎಂದು ಅವನಿಗೆ ತಿಳಿಯದೇ ಇರಲಿಲ್ಲ. ಎಷ್ಟೋ ಹೊಸಬರಿಗೆ ಅದನ್ನು ಕಲಿಸಿದವನೇ ಅವನು. ಆದರೆ ಮನುಷ್ಯನಿಗೆ ಬೇಡವಾದ ವಿಷಯ ತಿಳಿದಿದ್ದರೂ ಒಂದೇ, ತಿಳಿಯದಿದ್ದರೂ ಒಂದೇ.

ಅವನ ಅಂಗಡಿಯಿಂದ ಹರಿಹರದ ಅಂಗಡಿಗಳಿಗೆ ವಾರದಲ್ಲಿ ಎರಡು ಸಲ ಲಗೇಜ್ ಆಟೋದಲ್ಲಿ ಮಾಲು ಹೋಗುತ್ತಿತ್ತು. ಆಟೋ ಓಡಿಸುವವನು ಅಮೀರ್ ಜಾನ್, ಅಪ್ಪನ ಕಾಲದಿಂದ ಇದ್ದವನು. ಬಕ್ಕೇಶ ಒಂದು ಉಪಾಯ ಮಾಡಿದ. ಪೈಪುಗಳ ಮೇಲೆ ಸೈಕಲ್ಲು ಕಟ್ಟಿಸಿ, ತಾನೂ ಪಕ್ಕದಲ್ಲಿ ಕೂತು ಹರಿಹರಕ್ಕೆ ಹೋಗುವುದು. ಅಲ್ಲಿ ಇಳಿದು ದಾವಣಗೆರೆಗೆ ಸೈಕಲ್ ಹೊಡೆಯುವುದು. ಅಂಗಡಿ ತೆಗೆಯುವ ಹೊತ್ತಿಗೆ ಮುಟ್ಟಬೇಕಲ್ಲ, ಹೋಗುವ ಹೊತ್ತನ್ನು ಉಳಿಸಿದರಾಯಿತು, ಎರಡೂ ಒಂದೇ ದಾರಿ ತಾನೇ ಎಂದು ಅಮೀರ್ ಜಾನನಿಗೆ ವಿವರಿಸಿದ. ಅಮೀರ್ ಜಾನ್ ಹಗ್ಗ ಬಿಗಿದ. ಸಾಹುಕಾರರು ಹೇಳಿದ್ದನ್ನು ಕಟ್ಟುವುದು ಅವನ ಕೆಲಸ, ಅದರ ಅರ್ಥ ಹುಡುಕುವುದಲ್ಲ.

ಹೀಗೆ ಕೆಲವು ವಾರ ಗಾಳಿ ನೂಕಿದ ಕಡೆಗೆ ಹೋಗಿ ಹೋಗಿ ಬಕ್ಕೇಶ ತನ್ನನ್ನು ತಾನೇ ನಂಬಿಕೊಂಡ. ನಂಬಿಕೊಂಡದ್ದು ಸಾಲದೆ ಫೋನಿನಲ್ಲಿ ಬಂದ ವೇಗದ ಚಿತ್ರವನ್ನು ಗುಂಪಿಗೆ ಹಾಕಿದ. ಹರಿಹರದಿಂದ ದಾವಣಗೆರೆ ಎಂದು ಅದರಲ್ಲೇ ಗೆರೆ ಎಳೆದಿತ್ತು. ಬೇರೆಯವರು ಚಪ್ಪಾಳೆಯ ಕೈಗಳನ್ನು ಕಳಿಸಿದರು. ಅಂಜನಕುಮಾರ ಚಪ್ಪಾಳೆ ಕಳಿಸಲಿಲ್ಲ. ಗುರುಗಳು ವಾಪಸು ಬಂದದ್ದು ಸಂತೋಷ, ಈ ಭಾನುವಾರ ಹರಿಹರದವರೆಗೆ ಮುಂದೆ ನೀವೇ ಇರಬೇಕು, ನಾವೆಲ್ಲ ನಿಮ್ಮ ಬೆನ್ನ ಹಿಂದೆ ಎಂದು ಬರೆದ. ಬಕ್ಕೇಶ ಹೆಬ್ಬೆರಳಿನ ಚಿತ್ರ ಒತ್ತಿದ. ಒತ್ತಿದ ಮೇಲೆ ಕೆಂಪು ಕುರ್ಚಿ ಕಣ್ಣ ಮುಂದೆ ಬಂದು ನಿಂತಿತು.

ಅಂದಿನಿಂದ ಅವನಿಗೆ ಬೇರೆ ಚಿಂತೆಯೇ ಇಲ್ಲ. ಗೆಲ್ಲಬೇಕೆಂದಲ್ಲ, ಆ ಕುರ್ಚಿಯಲ್ಲಿ ಕೂಡಬಾರದು ಅಷ್ಟೇ. ತಾನು ಒರೆಸಿದ ಕುರ್ಚಿ, ತಾನು ಕಲಿಸಿದ ಮಾತು, ತಾನು ತಂದಿಡುತ್ತಿದ್ದ ಚೊಂಬು. ಅದರಲ್ಲಿ ತನ್ನನ್ನು ಕೂರಿಸಿ ಲೆಕ್ಕದ ಮೇಷ್ಟ್ರು ಬೆನ್ನು ಬಾಗಿಸಿ ದಾರಿಯಲ್ಲಿ ತ್ರಾಸವಾಗಲಿಲ್ಲವಷ್ಟೇ ಎಂದು ಕೇಳಿದರೆ ಅಂಗಡಿಯ ಫೋಟೋವನ್ನು ಇಳಿಸುವುದೊಂದೇ ದಾರಿ.

ಶನಿವಾರ ಮಾಲತೇಶಪ್ಪ ಫೋನು ಮಾಡಿದರು. ಗಾಳಿ ಜೋರಿದೆ, ಬಹಳ ದಿನ ಬಿಟ್ಟು ಬರುತ್ತಿದ್ದೀರಿ, ಎರಡು ವಾರದ ಮಟ್ಟಿಗೆ ಹಿಂದುಗಡೆ ನನ್ನ ಜೊತೆ ಬನ್ನಿ, ಮಾತಾಡಿಕೊಂಡು ಹೋಗೋಣ ಎಂದರು. ಮುದುಕನಿಗೆ ಜೊತೆ ಬೇಕಾಗಿದೆ ಎಂದುಕೊಂಡ ಬಕ್ಕೇಶ. ನೋಡೋಣ ಎಂದು ಫೋನಿಟ್ಟ. ಆಮೇಲೆ ಒಬ್ಬನೇ ನಕ್ಕ.

ಭಾನುವಾರ ಎಲ್ಲರೂ ಸೇರಿದರು. ಹೊಸ ಮುಖಗಳೇ ಹೆಚ್ಚು. ಅವರೆಲ್ಲ ಬಕ್ಕೇಶನ ಹೆಸರು ಕೇಳಿದ್ದರು, ಆದ್ದರಿಂದ ಅವನ ಹೊಟ್ಟೆ ನೋಡಿ ಮತ್ತೆ ಮುಖ ನೋಡಿದರು. ಅವನು ಅವರ ಸೈಕಲ್ಲುಗಳನ್ನು ನೋಡಿ ಮೂಗು ಮುರಿದ. ಒಬ್ಬನ ಬಾಟಲಿ ದೊಡ್ಡದು, ಒಬ್ಬನ ಕನ್ನಡಕ ಮುಖಕ್ಕಿಂತ ದೊಡ್ಡದು, ಇನ್ನೊಬ್ಬ ಕೈಗಡಿಯಾರ ನೋಡಿಕೊಂಡೇ ಉಸಿರಾಡುತ್ತಿದ್ದ. ಇವರನ್ನೆಲ್ಲ ಬಾತಿಯ ಹೊತ್ತಿಗೆ ಉದುರಿಸುತ್ತೇನೆ ಎಂದುಕೊಂಡು ಮುಂದೆ ಹೊರಟ.

ಊರೊಳಗೆ ಮನೆಗಳ ಮರೆ ಇತ್ತು. ಬಕ್ಕೇಶ ಹಳೇ ಬಕ್ಕೇಶನಂತೆಯೇ ಹೋದ. ಮನೆಗಳು ಮುಗಿದವು. ಗಾಳಿ ಎದೆಗೆ ಅಂಗೈಯಿಟ್ಟು ತಡೆಯಿತು. ವಾರಗಟ್ಟಲೆ ಬೆನ್ನಿಗಿದ್ದ ಕೈ ಅದೇ, ಈಗ ಎದುರಿಗೆ ಬಂದಿತ್ತು. ಅವನು ತಲೆ ತಗ್ಗಿಸಿ ತುಳಿದ. ಹಿಂದೆ ಅಂಜನಕುಮಾರ ಒಂದು ಗಾಲಿಯ ಅಂತರದಲ್ಲಿ, ಅವನ ಹಿಂದೆ ಉಳಿದವರು, ಬೆವರಿಲ್ಲದೆ, ಅವನ ಅಗಲವಾದ ಬೆನ್ನಿನ ಮರೆಯಲ್ಲಿ ಬರುತ್ತಿದ್ದರು. ಇಷ್ಟು ಒಳ್ಳೆಯ ಮರೆ ಗುಂಪಿಗೆ ಎಂದೂ ಸಿಕ್ಕಿರಲಿಲ್ಲ. ಯಾರೂ ಪಾಳಿ ಕೇಳಲಿಲ್ಲ. ಕೇಳಬಾರದೆಂದು ಅಂಜನಕುಮಾರ ಹೇಳಿಟ್ಟಿದ್ದನೋ ಏನೋ. ಪಾಳಿ ಬಿಡುತ್ತೇನೆ ಎಂದು ಬಕ್ಕೇಶನೂ ಕೈ ತೋರಿಸಲಿಲ್ಲ, ಆ ಸನ್ನೆಗೆ ಅವನ ಕೈ ಏಳಲಿಲ್ಲ.

ಬಾತಿ ಕೆರೆಯ ಬಯಲಿಗೆ ಬಂದಾಗ ಅವನ ಕಣ್ಣಿಗೆ ರಸ್ತೆ ಎರಡಾಗಿ ಕಂಡಿತು. ತೊಡೆ ನಡುಗಿತು. ಆಗ ಅವನ ಬಾಯಿ ಅವನನ್ನು ಕೇಳದೆ ಕೆಲಸ ಮಾಡಿತು.

"ಪಂಚರ್" ಎಂದು ಕೂಗಿ ಪಕ್ಕಕ್ಕಿಳಿದ. "ನೀವು ನಡೀರಿ. ಹಾಕ್ಕಂಡು ಬಂದು ಹಿಡಿತೀನಿ."

ಯಾವ ಗಾಲಿ ಎಂದು ಕೇಳಿದ ಅಂಜನಕುಮಾರ. ಹಿಂದಿನದು ಎಂದ ಬಕ್ಕೇಶ. ನಿಲ್ಲಬೇಕೇ ಎಂದು ಕೇಳಿದರೆ ಬೇಡವೇ ಬೇಡ ಎಂದ. ಗುಂಪು ಹೋಯಿತು. ಅವರು ಚಿಕ್ಕದಾಗುವವರೆಗೆ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಗಟ್ಟಿಯಾಗಿದ್ದ ಟೈರನ್ನು ಒತ್ತಿ ಒತ್ತಿ ನೋಡುತ್ತಿದ್ದ. ಆಮೇಲೆ ಅಮೀರ್ ಜಾನನಿಗೆ ಫೋನು ಹಚ್ಚಿದ.

ಅದೃಷ್ಟವೋ ಏನೋ, ಅಮೀರ್ ಜಾನ್ ಆಗಲೇ ಅದೇ ರಸ್ತೆಯಲ್ಲಿ ಬರುತ್ತಿದ್ದ. ಅವನ ಮಗಳನ್ನು ಹರಿಹರಕ್ಕೆ ಕೊಟ್ಟಿತ್ತು. ಮೊಮ್ಮಗುವಿಗೆ ಹೆಸರಿಡುವ ದಿನವೆಂದು ಹೆಂಡತಿ ನುಜತಳನ್ನು ಮುಂದೆ ಕೂರಿಸಿಕೊಂಡು, ಆಟೋದ ಹಿಂದೆ ಹಣ್ಣಿನ ಬುಟ್ಟಿ, ತೊಟ್ಟಿಲು, ಸಿಹಿಯ ಡಬ್ಬಿಗಳನ್ನು ತುಂಬಿಕೊಂಡು ಹೊರಟಿದ್ದ. ಬಾಳೆಹಣ್ಣಿನ ಪಕ್ಕಕ್ಕೆ ಸೈಕಲ್ಲು ಮಲಗಿಸಿದ್ದಾಯಿತು. ಬಕ್ಕೇಶ ಹತ್ತಿ ತೊಟ್ಟಿಲ ಪಕ್ಕ ಮೊಣಕಾಲು ಮಡಿಚಿ ಕೂತ, ಹೆಲ್ಮೆಟ್ಟು ತೆಗೆಯಲಿಲ್ಲ.

ನುಜತ್ ಮುಂದಿನಿಂದ ತಿರುಗಿ ನೋಡಿದಳು. ಸಾಹುಕಾರರು ಇಷ್ಟು ಹತ್ತಿರ ಬಂದದ್ದು ಆಕೆಗೆ ಸಂತೋಷವಾಗಿತ್ತು. "ಬೀಗ್ರ ಮನೆಗೆ ಹೊಂಟೀವ್ರಿ ಅಣ್ಣಾರೆ. ನೀವೂ ಬರ್ರಿ, ಕೂತು ಉಂಡು ಹೋಗೀರಂತೆ" ಎಂದಳು.

ಬಕ್ಕೇಶ ಬರುವುದಿಲ್ಲ ಎಂದು ತಲೆಯಾಡಿಸಿದ. ಆ ಮಾತು ಆಕೆ ಇನ್ನೊಂದು ಸಲ ಆಡದಿದ್ದರೆ ಸಾಕಿತ್ತು ಅವನಿಗೆ.

ಆಟೋ ಹೊರಡುವಷ್ಟರಲ್ಲಿ ಮಾಲತೇಶಪ್ಪ ಬಂದರು. ಅವರು ಎಂದಿನಂತೆ ಎಲ್ಲರ ಹಿಂದೆ, ಒಂದೇ ಸಮನೆ ತುಳಿಯುತ್ತ, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಬರುತ್ತಿದ್ದರು. ಆಟೋದಲ್ಲಿ ತೊಟ್ಟಿಲು ನೋಡಿದರು. ತೊಟ್ಟಿಲ ಪಕ್ಕ ಹಳದಿ ಅಂಗಿ ನೋಡಿದರು. ಪೆಡಲು ನಿಲ್ಲಿಸಲಿಲ್ಲ. ಒಂದು ಕೈ ಎತ್ತಿ, ಎದುರಾದವರಿಗೆ ಎತ್ತುವಂತೆ ಎತ್ತಿ, ಮುಂದೆ ಹೋದರು. ಬಕ್ಕೇಶ ಹಣ್ಣಿನ ಬುಟ್ಟಿಯ ಕಡೆ ಮುಖ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಆಟೋ ಮುದುಕನನ್ನು ದಾಟಿತು. ಆಗಲೂ ಬುಟ್ಟಿಯನ್ನೇ ನೋಡುತ್ತಿದ್ದ.

ಹರಿಹರದೊಳಗೆ ಒಂದು ಓಣಿಯಲ್ಲಿ ಇಳಿದು, ಬಾಟಲಿಯ ನೀರನ್ನು ಮುಖಕ್ಕೂ ಎದೆಗೂ ಚಿಮುಕಿಸಿಕೊಂಡ, ಬೆವರಿನಂತೆ ಕಾಣಲಿ ಎಂದು. ಸೇತುವೆಯವರೆಗೆ ಜೋರಾಗಿ ತುಳಿದ. ಕೊಟ್ರವ್ವನ ಅಂಗಡಿಯ ಮುಂದೆ ಗುಂಪು ನಿಂತಿತ್ತು. ಕೆಂಪು ಕುರ್ಚಿ ನಡುವೆ ಖಾಲಿ ಇತ್ತು. ಅದರ ಪಕ್ಕ ಚೊಂಬು. ಇವನು ಇಷ್ಟು ಬೇಗ ಬಂದದ್ದನ್ನು ನೋಡಿ ಹೊಸಬರು ಶಿಳ್ಳೆ ಹಾಕಿದರು. ಪಂಚರ್ ಹಾಕಿಕೊಂಡು, ಒಬ್ಬನೇ ಗಾಳಿ ಸೀಳಿಕೊಂಡು ಬಂದಿದ್ದಾರೆ ಎಂದು ಒಬ್ಬ ಹೇಳಿದ. ಬಕ್ಕೇಶ ಇಲ್ಲ ಎನ್ನಲಿಲ್ಲ. ಇಲ್ಲ ಎನ್ನದೇ ಇದ್ದದ್ದಷ್ಟೇ ಅಲ್ಲ, ಟ್ಯೂಬು ಬದಲಿಸುವುದು ಕೈ ಅಭ್ಯಾಸದ ವಿಷಯ, ನೀವೂ ಕಲಿಯಬೇಕು ಎಂದು ಉಪದೇಶವನ್ನೂ ಮಾಡಿದ.

ಅಂಜನಕುಮಾರ ಅವನ ಸೈಕಲ್ಲಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದ. ಹಿಂದಿನ ಗಾಲಿಯ ಮೇಲೆ ದಾರಿಯ ಧೂಳು ಎಲ್ಲೂ ಕದಡದೆ ಹಾಗೆಯೇ ಇತ್ತು. ಟ್ಯೂಬು ಬಿಚ್ಚಿದ ಕೈಗೆ ಕಪ್ಪು ಮಸಿ ಅಂಟಬೇಕು, ಬಕ್ಕೇಶನ ಕೈ ಸ್ವಚ್ಛ ಇತ್ತು. ಬೆರಳಿನಲ್ಲಿ ಬಾಳೆಹಣ್ಣಿನ ವಾಸನೆ ಮಾತ್ರ ಇತ್ತು, ಅದು ಬಕ್ಕೇಶನಿಗಷ್ಟೇ ಗೊತ್ತು. ಅಂಜನಕುಮಾರ ದಾರಿಯ ಕಡೆ ನೋಡುತ್ತ ನಿಂತ. ಮಾಲತೇಶಪ್ಪ ಬರುವುದಿತ್ತು.

ಮಾಲತೇಶಪ್ಪ ಬಂದರು. ಸೈಕಲ್ಲು ಗೋಡೆಗೆ ಒರಗಿಸಿದರು. ಹುಡುಗರು ಎಂದಿನ ರೂಢಿಯಂತೆ ಕುರ್ಚಿಯ ಕಡೆ ಕೈಮಾಡಿದರು. ಅಷ್ಟರಲ್ಲಿ ಅಂಜನಕುಮಾರ ಕೇಳಿದ.

"ಯಜಮಾನ್ರೇ, ಬಕ್ಕೇಶಣ್ಣ ಪಂಚರ್ ಹಾಕೋದು ನೋಡಿದ್ರಾ ದಾರ್ಯಾಗೆ?"

ಬಕ್ಕೇಶನ ಕಿವಿಯಲ್ಲಿ ಗಾಳಿ ಬಿಟ್ಟು ಬೇರೇನೂ ಕೇಳಿಸಲಿಲ್ಲ ಒಂದು ಗಳಿಗೆ. ಇಷ್ಟು ವರ್ಷ ಕೂರಿಸಿದ್ದಕ್ಕೆ ಮುದುಕನಿಗೆ ಇವತ್ತು ಒಂದು ಮಾತು ಸಾಕು. ಆ ಜಾಗದಲ್ಲಿ ತಾನಿದ್ದರೆ ತೊಟ್ಟಿಲನ್ನೂ ಬಿಡುತ್ತಿರಲಿಲ್ಲ, ಹಣ್ಣಿನ ಬುಟ್ಟಿಯನ್ನೂ ಬಿಡುತ್ತಿರಲಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನೋಡಿದೆ" ಎಂದರು ಮಾಲತೇಶಪ್ಪ. "ನಾನೇ ಗಾಳಿ ಹೊಡ್ದು ಕೊಟ್ಟೆ. ಕೊಟ್ರವ್ವ, ಚಾ ಕೊಡವ್ವ."

ಬಕ್ಕೇಶನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮುದುಕ ಮುಖ ಕೂಡ ತಿರುಗಿಸಿ ನೋಡಲಿಲ್ಲ. ನಾಯಿಗೆ ರೊಟ್ಟಿಯ ಚೂರು ಎಸೆದವರು ನಿಂತು ನೋಡುವುದಿಲ್ಲವಲ್ಲ, ಹಾಗೆ ಎಸೆದು ಮುಗಿಸಿದ್ದರು. ಇಷ್ಟು ದಿನ ತಾನು ಬೆನ್ನು ಬಾಗಿಸಿ ಮಾಡಿದ ಹಾಸ್ಯವೆಲ್ಲ ಈ ಮನುಷ್ಯನ ಲೆಕ್ಕದಲ್ಲಿ ಎಷ್ಟಿತ್ತು ಎಂಬುದು ಅವನಿಗೆ ಅಲ್ಲಿ ನಿಂತಲ್ಲೇ ತಿಳಿಯಿತು.

ಆದರೂ ಬಾಯಿ ಸುಮ್ಮನಿರಬೇಕಲ್ಲ. ಕುರ್ಚಿಯ ಬೆನ್ನು ಹಿಡಿದು, ಹಳೇ ರಾಗದಲ್ಲಿ, "ಬರ್ರಿ ಬೀಗ್ರೇ" ಎಂದು ಶುರುಮಾಡಿದ. ಮುಂದಿನ ಮಾತು ಬರಲಿಲ್ಲ. ಬಾತಿಯವರೆಗೆ ತುಳಿದ ತೊಡೆ, ಆಟೋದಲ್ಲಿ ಮಡಿಚಿ ಕೂತು ತಣ್ಣಗಾದ ತೊಡೆ, ಆ ಗಳಿಗೆಯಲ್ಲಿ ಹಗ್ಗ ಹುರಿಗೊಂಡಂತೆ ಹುರಿಗೊಂಡಿತು. ಒಂದು ಕಾಲಲ್ಲ, ಎರಡೂ. ನಿಲ್ಲಲಾಗಲಿಲ್ಲ. ಹಿಡಿಯಲು ಕೈಗೆ ಸಿಕ್ಕಿದ್ದು ಆ ಕುರ್ಚಿ ಒಂದೇ. ಬಕ್ಕೇಶ ಅದರಲ್ಲಿ ಕೂತ. ಕೂತ ಎನ್ನುವುದಕ್ಕಿಂತ ಮೂಟೆ ಇಳಿಸಿದಂತೆ ಬಿದ್ದ. ಕುರ್ಚಿಯ ಕಾಲುಗಳು ಅಗಲವಾದವು.

ಆ ಕುರ್ಚಿಯಲ್ಲಿ ಯಾರೂ ತಾವಾಗಿ ಕೂತದ್ದನ್ನು ಅವರು ಕಂಡಿರಲಿಲ್ಲ. ಹೊಸಬನೊಬ್ಬ ನಗಲು ಬಾಯಿ ತೆರೆದು, ಅಂಜನಕುಮಾರನ ಮುಖ ನೋಡಿ ಮುಚ್ಚಿದ. ಅಂಜನಕುಮಾರ ಮುಂದೆ ಬಂದ. ಬಕ್ಕೇಶ ಕಣ್ಣು ಮುಚ್ಚಿದ. ಬೆನ್ನು ಬಾಗಿಸಿ ವಿಚಾರಿಸುವುದು ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದ. ಅಂಜನಕುಮಾರ ಚೊಂಬು ಎತ್ತಿ ಅವನ ಕಾಲ ಬಳಿ ಇಟ್ಟ. ಕೊಟ್ರವ್ವನ ಕೈಯಿಂದ ಮೊದಲ ಲೋಟ ತೆಗೆದು ಅವನ ಕೈಗೆ ಕೊಟ್ಟ. ಒಂದು ಮಾತೂ ಆಡಲಿಲ್ಲ. ಅಷ್ಟು ವರ್ಷ ಕಟ್ಟಿಟ್ಟುಕೊಂಡಿದ್ದ ಮಾತನ್ನು ಆಡಲು ಇಷ್ಟು ಸುಲಭದ ಜಾಗ ಅವನಿಗೂ ಬೇಡವಾಗಿತ್ತೋ ಏನೋ.

ಮಾಲತೇಶಪ್ಪ ಬಕ್ಕೇಶನ ಬೂಟು ಬಿಚ್ಚಿ, ಹೆಬ್ಬೆರಳನ್ನು ಹಿಂದಕ್ಕೆ ಮಡಿಚಿ ಎಳೆದರು. ಗಿರಣಿಯಲ್ಲಿ ನಿಂತು ನಿಂತು ಅವರಿಗೆ ಕಾಲು ಹಿಡಿಯುವುದು ಗೊತ್ತಿತ್ತು.

"ಗಾಳಿ ಹೊಡ್ದು ಕೊಡ್ಲಿಲ್ಲ ನೀವು" ಎಂದ ಬಕ್ಕೇಶ. ಕಣ್ಣಲ್ಲಿ ನೀರಿತ್ತು. ಅದು ನೋವಿನದೇ, ಬೇರೆ ಏನೂ ಅಲ್ಲ. ಆಮೇಲೆ ಸುತ್ತ ಇದ್ದವರಿಗೆ ಕೇಳುವಂತೆ, ಆಟೋದಲ್ಲಿ ಬಂದೆ ಎಂದ. ಅದನ್ನೂ ಅವನು ಒಳ್ಳೆಯತನದಿಂದ ಹೇಳಲಿಲ್ಲ. ಆಗಲೇ ಕುರ್ಚಿಯಲ್ಲಿ ಕೂತಾಗಿತ್ತು, ಕಾಯ್ದುಕೊಳ್ಳಲು ಇನ್ನೇನೂ ಉಳಿದಿರಲಿಲ್ಲ.

"ಕಾಲು ಚಾಚ್ರಿ" ಎಂದರು ಮಾಲತೇಶಪ್ಪ, ಅಷ್ಟೇ. ಆ ದಿನ ಅವರು ಬಹಳ ಕಾಲದ ಮೇಲೆ ನಿಂತು ಚಹಾ ಕುಡಿದರು. ನಿಂತು ಕುಡಿದರೆ ಬೇಗ ಆರುತ್ತದೆ ಎಂದು ಕೊಟ್ರವ್ವನಿಗೆ ದೂರು ಹೇಳಿದರು.

ಮರಳುವಾಗ ಗಾಳಿ ಬೆನ್ನಿಗಿತ್ತು. ಬಕ್ಕೇಶನ ಕಾಲು ತಿರುಗಿದ್ದು ಹೆಸರಿಗೆ. ಸೈಕಲ್ಲು ಬಾತಿ ದಾಟಿತು, ಬಯಲು ದಾಟಿತು, ಊರು ಹೊ‍ಕ್ಕಿತು. ಬೆನ್ನ ಮೇಲಿನ ಆ ಕೈ ಅವನಿಗೆ ದಾರಿಯುದ್ದಕ್ಕೂ ಗೊತ್ತಾಗುತ್ತಿತ್ತು. ಆ ದಿನದ ವೇಗದ ಚಿತ್ರವನ್ನು ಅವನು ಎಲ್ಲಿಗೂ ಕಳಿಸಲಿಲ್ಲ.

ಇಷ್ಟಕ್ಕೆ ಅವನು ಬೇರೆ ಮನುಷ್ಯನಾದ ಎಂದು ಯಾರೂ ತಿಳಿಯಬೇಕಾಗಿಲ್ಲ. ಅಂಗಡಿಯ ಫೋಟೋ ಇವತ್ತಿಗೂ ಅಲ್ಲೇ ಇದೆ, ಅದು ನಾನೇ ಎಂದು ಹೇಳುವುದೂ ನಿಂತಿಲ್ಲ. ಅಂಜನಕುಮಾರನ ಸೀಟು ಒಂದು ಬೆರಳು ಎತ್ತರ ಎಂದು ಕಂಡಕಂಡವರಿಗೆ ಹೇಳುತ್ತಾನೆ. ಆದರೆ ಮುಂದಿನ ಭಾನುವಾರ ಅವನು ಆಟೋ ಕರೆಯದೆ ಬಂದ. ಮಾಲತೇಶಪ್ಪನವರ ಹಿಂದೆ, ಆ ಸಣ್ಣ ಬೆನ್ನಿನ ಮರೆಯಲ್ಲಿ ತನ್ನ ದೊಡ್ಡ ಮೈಯನ್ನು ಅಡಗಿಸಿಕೊಂಡು, ಬಾತಿಯಲ್ಲಿ ಒಮ್ಮೆ ಇಳಿದು, ಮತ್ತೆ ಹತ್ತಿ, ಎಲ್ಲರಿಗಿಂತ ಕೊನೆಗೆ ಹರಿಹರ ಮುಟ್ಟಿದ. ಕೊಟ್ರವ್ವ ಕಾಲಿನಿಂದ ಕುರ್ಚಿಯನ್ನು ಅವನ ಕಡೆ ತಳ್ಳಿದಳು. ಅವನು ಕೂತ. ಯಾರೂ ತೋಳು ಹಿಡಿಯಬೇಕಾಗಲಿಲ್ಲ.

ಮನೆಗೆ ಬಂದಾಗ ಕಸ್ತೂರಮ್ಮ ಒದ್ದೆ ಸೀರೆ ಹಿಡಿದುಕೊಂಡು, ಎಲ್ಲಿ ಹಾಕುವುದೆಂದು ಗೋಡೆ ನೋಡುತ್ತಿದ್ದಳು. ಹರಿಹರದಲ್ಲಿ ಏನು ಮಾಡಿಬಂದೆ ಎಂದು ಎಂದಿನಂತೆ ಕೇಳಿದಳು.

"ಕುಂತು ಬಂದೆ" ಎಂದ ಬಕ್ಕೇಶ.

"ಅದನ್ನ ಇಲ್ಲೇ ಮಾಡ್ತಿದ್ದಿ ಮೂರು ವರ್ಷ" ಎಂದಳು ತಾಯಿ. "ನನ್ನ ಸೀರೆನಾರ ಒಣಗ್ತಿತ್ತು."